ಲಾಮಾರ್ ಕಣಿವೆಗೆ ತೋಳ ಮರಳಿದ ಮೇಲೆ

ತೋಳ ಎಲ್ಲಿದೆಯೆಂದು ತಿಳಿಯಬೇಕಾದರೆ ಮೊದಲು ಆಕಾಶ ನೋಡಬೇಕು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಲಾಮಾರ್ ಕಣಿವೆಯಲ್ಲಿ ಚಳಿಗಾಲವಿಡೀ ಕಳೆಯುವವರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠವೇ ಇದು. ರೇವನ್ ಎಂಬ ದೊಡ್ಡ ಜಾತಿಯ ಕಾಗೆಗಳು ಇಲ್ಲಿ ತೋಳದ ಹಿಂಡಿನ ಬೆನ್ನು ಬಿಡುವುದಿಲ್ಲ. ಹಿಂಡು ಮಲಗಿದರೆ ಅವೂ ಹತ್ತಿರದ ಮರದಲ್ಲಿ ಕೂರುತ್ತವೆ, ಹಿಂಡು ಹೊರಟರೆ ಅವೂ ಮೇಲೆ ಹಾರುತ್ತ ಹೊರಡುತ್ತವೆ, ಬೇಟೆ ಬಿದ್ದ ಕೆಲವೇ ನಿಮಿಷಗಳಲ್ಲಿ ತಮ್ಮ ಪಾಲಿಗೆ ಹಾಜರಾಗುತ್ತವೆ.

ಫೆಬ್ರವರಿ ಕೊನೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ. ಗಾರ್ಡಿನರ್ ಊರಿನಿಂದ ಕುಕ್ ಸಿಟಿಯತ್ತ ಹೋಗುವ ಈ ಒಂದು ರಸ್ತೆಯಲ್ಲಿ ಮಾತ್ರ ಚಳಿಗಾಲದಲ್ಲೂ ಕಾರು ಓಡಾಡುತ್ತದೆ. ಉದ್ಯಾನದ ಉಳಿದ ರಸ್ತೆಗಳೆಲ್ಲ ಹಿಮದಡಿ ಮುಚ್ಚಿರುತ್ತವೆ. ಸೂರ್ಯ ಮೂಡುವ ಮೊದಲೇ ರಸ್ತೆ ಬದಿಯಲ್ಲಿ ಹತ್ತು ಹದಿನೈದು ಜನ ಮುಕ್ಕಾಲಿಗಳ ಮೇಲೆ ಸ್ಕೋಪ್ ನಿಲ್ಲಿಸಿಕೊಂಡು ನಿಂತಿದ್ದರು. ಹೆಚ್ಚಿನವರು ಅರವತ್ತು ದಾಟಿದವರು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ನದಿಯಾಚೆ ಒಂದು ದಿಬ್ಬದ ಮೇಲೆ ಏಳೆಂಟು ರೇವನ್‌ಗಳು ಸುತ್ತುತ್ತಿದ್ದವು. ಉಣ್ಣೆಯ ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ ಅಜ್ಜಿಯೊಬ್ಬರು ತಮ್ಮ ಸ್ಕೋಪನ್ನು ಆ ಕಡೆ ತಿರುಗಿಸಿ, ಕೀಲಿ ಬಿಗಿದು, ಹಿಂದೆ ಸರಿದು ನಿಂತು, ನೋಡಿ ಎಂದು ನನಗೆ ಕೈ ತೋರಿಸಿದರು. ಗುರುತು ಪರಿಚಯವಿಲ್ಲದ ನನಗೆ ತಮ್ಮ ಜಾಗ ಬಿಟ್ಟುಕೊಟ್ಟ ಅವರ ಆ ಉದಾರತೆಯನ್ನು ನಾನು ಮರೆಯಲಾರೆ.

ಕಣ್ಣಿಟ್ಟೆ. ಹಿಮ, ಹಿಮದಿಂದ ತಲೆ ಎತ್ತಿದ ಸೇಜ್ ಗಿಡಗಳ ಬೂದು ತುದಿಗಳು, ಮತ್ತೆ ಹಿಮ. ಆಮೇಲೆ ಆ ಬೂದು ತುದಿಗಳಲ್ಲೊಂದು ಎದ್ದು ನಿಂತು ಮೈಕೊಡವಿತು.

"ಮಾಮಾ, ಅದರ ಎಡಕ್ಕ ನೋಡ್ರಿ. ಕರೀದು ಒಂದು ಹೊಂಟೈತಿ," ಎಂದು ಪಕ್ಕದಲ್ಲಿ ತನ್ನ ದುರ್ಬೀನು ಹಿಡಿದಿದ್ದ ಅಳಿಯ ಪಿಸುಗುಟ್ಟಿದ. ಅವನು ನನ್ನ ಅಕ್ಕನ ಮಗ. ಇಲ್ಲಿಂದ ಎರಡು ಮೂರು ಗಂಟೆಯ ದಾರಿಯಲ್ಲಿರುವ ಬೋಜ್‌ಮನ್‌ನಲ್ಲಿ ಅಂತರ್ಜಲದ ಬಗ್ಗೆ ಸಂಶೋಧನೆ ಮಾಡುತ್ತಿದ್ದಾನೆ. ಅವನ ಕಾರು, ಅವನ ಜಾಕೀಟು, ಅವನ ಹಿಮದ ಬೂಟು, ಎಲ್ಲವನ್ನೂ ಎರವಲು ಪಡೆದು ನಾನು ಇಲ್ಲಿ ನಿಂತಿದ್ದೆ.

ಒಂದಲ್ಲ, ಏಳು ತೋಳಗಳು. ನಾಲ್ಕು ಕರಿಯವು, ಮೂರು ಬೂದು. ಜಂಕ್ಷನ್ ಬ್ಯೂಟ್ ಎಂದು ಹೆಸರಾದ ಹಿಂಡಿನವು ಎಂದರು ಅಜ್ಜಿ. ಇದು ಅವುಗಳ ಬೆದೆಯ ಕಾಲ. ಮುಂದೆ ನಡೆಯುತ್ತಿದ್ದ ಬೂದು ಹೆಣ್ಣಿನ ಬಾಲಕ್ಕೆ ಮೂಗು ತಾಗುವಷ್ಟು ಹತ್ತಿರದಲ್ಲಿ ದೊಡ್ಡ ಕರಿಯ ಗಂಡು ಹೆಜ್ಜೆ ಹಾಕುತ್ತಿತ್ತು. ಉಳಿದವು ಅದೇ ಹೆಜ್ಜೆಗಳಲ್ಲಿ ಕಾಲಿಟ್ಟು ಸಾಲಾಗಿ ಬರುತ್ತಿದ್ದವು. ಏಳು ಪ್ರಾಣಿ ದಾಟಿದ ಮೇಲೂ ಹಿಮದ ಮೇಲೆ ಒಂದೇ ದಾರಿ. ಮುಂದಿನದು ತುಳಿದು ಗಟ್ಟಿ ಮಾಡಿದ ಹಿಮದಲ್ಲಿ ಹಿಂದಿನದಕ್ಕೆ ದಣಿವು ಕಡಿಮೆ.

ಅವು ಇಳಿದ ತಗ್ಗಿನಲ್ಲಿ ಎಲ್ಕ್‌ಗಳ ಗುಂಪೊಂದಿತ್ತು. ಎಲ್ಕ್ ಎಂದರೆ ನಮ್ಮ ಕಡವೆಗಿಂತ ಎತ್ತರದ, ಕಂದು ಕೊರಳಿನ ದೊಡ್ಡ ಜಿಂಕೆ. ತೋಳಗಳನ್ನು ಕಂಡ ಕೂಡಲೇ ಅವು ದಿಕ್ಕೆಟ್ಟು ಓಡಬಹುದೆಂದು ಎಣಿಸಿದ್ದೆ. ಓಡಲಿಲ್ಲ. ಒತ್ತಾಗಿ ಕೂಡಿದವು, ತಲೆ ಎತ್ತಿದವು, ನಿಂತವು. ತೋಳಗಳೂ ನುಗ್ಗಲಿಲ್ಲ. ಎರಡು ಮರಿತೋಳಗಳು ಗುಂಪಿನ ಒಂದು ಮಗ್ಗುಲಿಗೆ ಹೋಗಿ ಓಡುವ ನಟನೆ ಮಾಡಿದವು. ಗುಂಪು ಒಂದಿಷ್ಟು ಸರಿಯಿತು. ಬೂದು ಹೆಣ್ಣು ದೂರದಲ್ಲಿ ಕೂತು, ಯಾವ ಎಲ್ಕ್‌ನ ಕಾಲು ತೊಡರುತ್ತದೆ, ಯಾವುದು ಹಿಂದೆ ಬೀಳುತ್ತದೆ ಎಂದು ನೋಡುತ್ತಿತ್ತು. ಕೊನೆಗೆ ಹಣ್ಣು ವಯಸ್ಸಿನ ಒಂದು ಹೆಣ್ಣು ಎಲ್ಕ್ ಗುಂಪು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ಕರಿಯ ಗಂಡಿಗೆ ಎದುರಾಗಿ ನಿಂತಿತು. ಅದರ ಮುಂಗಾಲಿನ ಒಂದು ಒದೆತಕ್ಕೆ ತೋಳದ ಪಕ್ಕೆಲುಬು, ತಲೆಬುರುಡೆ ಒಡೆಯಬಹುದು. ಇಲ್ಲಿ ಹಾಗೆ ಸತ್ತ ತೋಳಗಳು ಉಂಟು. ಎರಡೂ ಒಂದನ್ನೊಂದು ದಿಟ್ಟಿಸಿದವು. ಎಷ್ಟು ಹೊತ್ತೋ ನಾನು ಉಸಿರು ಬಿಡಲಿಲ್ಲ. ಆಮೇಲೆ ಕರಿಯ ಗಂಡು ಮುಖ ತಿರುಗಿಸಿ, ಏನೂ ನಡೆದೇ ಇಲ್ಲವೆಂಬಂತೆ ಹಿಮವನ್ನು ಮೂಸುತ್ತ ಹೊರಟುಹೋಯಿತು. ಏಳೂ ದಿಬ್ಬ ಹತ್ತಿ, ಬಾಲದಿಂದ ಮೂಗು ಮುಚ್ಚಿಕೊಂಡು ಮಲಗಿದವು.

ಹತ್ತು ಬೇಟೆಯಲ್ಲಿ ಎಂಟರಷ್ಟು ಹೀಗೆಯೇ ಮುಗಿಯುತ್ತವಂತೆ. ತೋಳವೆಂದರೆ ಕೊಲ್ಲುವ ಯಂತ್ರವೆಂದು ನಂಬಿ ಬೆಳೆದ ನನಗೆ ಈ ನೋಟ ಬೆರಗು ತಂದಿತು. ನಾನು ಕಂಡದ್ದು ಒಂದು ವಿಚಾರಣೆ: ನೀನು ಗಟ್ಟಿಯಾಗಿದ್ದೀಯಾ ಎಂದು ತೋಳ ಕೇಳಿತು, ಹೌದು ಎಂದು ಎಲ್ಕ್ ಉತ್ತರಿಸಿತು, ತೋಳ ಆ ಮಾತನ್ನು ನಂಬಿತು. ಈ ಕಣಿವೆಯಲ್ಲಿ ಸುಮಾರು ಎಪ್ಪತ್ತು ವರ್ಷ ಇಂಥ ಪ್ರಶ್ನೆ ಕೇಳುವವರೇ ಇರಲಿಲ್ಲ.

ಯೆಲ್ಲೋಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ, ಘೋಷಣೆಯಾದದ್ದು 1872ರಲ್ಲಿ. ಕಾಡನ್ನು ಕಾಯಬೇಕೆಂದು ಸರ್ಕಾರವೇ ಕಾಯಿದೆ ಮಾಡಿದ ನೆಲದಲ್ಲಿ ತೋಳಕ್ಕೆ ಮಾತ್ರ ಕಾಯಿದೆಯ ನೆರಳು ಸಿಗಲಿಲ್ಲ. ಎಲ್ಕ್, ಜಿಂಕೆ, ಕಾಡುಕೋಣದಂಥ ಬೈಸನ್ ಒಳ್ಳೆಯ ಪ್ರಾಣಿಗಳು; ಅವನ್ನು ತಿನ್ನುವ ತೋಳ, ಪೂಮಾ, ತೋಳದ ಚಿಕ್ಕ ದಾಯಾದಿಯಾದ ಕಯೋಟಿ ಕೆಟ್ಟವು ಎಂಬುದು ಆ ಕಾಲದ ಲೆಕ್ಕ. ಮೊದಲು ಚರ್ಮದ ಬೇಟೆಗಾರರು ಸತ್ತ ಪ್ರಾಣಿಗಳ ಮೈಗೆ ವಿಷ ತುಂಬಿ ಇಟ್ಟರು. ಆಮೇಲೆ ಉದ್ಯಾನದ ಸಿಬ್ಬಂದಿಯೇ ಬಂದೂಕು, ಬೋನು ಹಿಡಿದು ಹೊರಟರು. 1914ರಿಂದ 1926ರವರೆಗೆ ಉದ್ಯಾನದೊಳಗೆ 136 ತೋಳಗಳನ್ನು ಕೊಂದದ್ದು ದಾಖಲೆಯಲ್ಲಿದೆ. ಬಿಲಗಳಿಂದ ಎಳೆದು ತೆಗೆದ ಮರಿಗಳೂ ಆ ಲೆಕ್ಕದಲ್ಲಿವೆ. 1926ರಲ್ಲಿ ಸೋಡಾ ಬ್ಯೂಟ್ ಎಂಬ ಹೊಳೆಯ ಹತ್ತಿರ ಕೊಂದ ಎರಡು ಮರಿಗಳೇ ಕೊನೆಯವು.

ಆ ಹೊಳೆ ಲಾಮಾರ್ ನದಿಗೆ ಕೂಡುವ ಕಡೆಗೆ ಅಳಿಯ ನನ್ನನ್ನು ಕರೆದುಕೊಂಡು ಹೋದ. ನಡುವೆ ಕರಿನೀರು ಹರಿಯುತ್ತಿತ್ತು, ಎರಡೂ ದಡದಲ್ಲಿ ಹಿಮದ ತುಟಿಗಳು ಚಾಚಿಕೊಂಡಿದ್ದವು. ದಂಡೆಯ ಮೇಲೆ ತೋಳದ ಹೆಜ್ಜೆ. ಹೊಸದು, ರಾತ್ರಿಯದ್ದಿರಬೇಕು. ಕೈಗವಸು ತೆಗೆದು ಅಂಗೈಯನ್ನು ಅದರ ಪಕ್ಕದಲ್ಲಿಟ್ಟೆ. ನನ್ನ ಅಂಗೈಗಿಂತ ಉದ್ದ. ನಾಲ್ಕು ಬೆರಳಿನ ಗುಳಿಗಳು, ಅವುಗಳ ಮುಂದೆ ಉಗುರು ಚುಚ್ಚಿದ ಗುರುತು, ನಡುವೆ ಅಂಗಾಲಿನ ಅಗಲ ಗುಳಿ. ಒತ್ತಿದ ಹಿಮ ಅಲ್ಲಿ ಗಾಜಾಗಿತ್ತು, ಅದರೊಳಗೆ ಒಂದು ಕಪ್ಪು ಕೂದಲು ಸಿಕ್ಕಿಕೊಂಡಿತ್ತು. ಕೊನೆಯ ಮರಿಗಳು ಸತ್ತ ಹೊಳೆಯ ದಂಡೆಯಲ್ಲಿ ಮತ್ತೆ ಇಂಥ ಹೆಜ್ಜೆ ಮೂಡಿದೆ. ನನಗೆ ಮಾತು ಹೊರಡಲಿಲ್ಲ. ಒಂದು ದೇಶ ತಾನು ಮಾಡಿದ ತಪ್ಪನ್ನು, ಮಾಡಿದ ಜಾಗದಲ್ಲೇ, ಅದೇ ಇಲಾಖೆಯ ಕೈಯಿಂದಲೇ ಸರಿಪಡಿಸಲು ಹೊರಡುವುದನ್ನು ನಾವು ಎಷ್ಟು ಸಲ ಕಾಣುತ್ತೇವೆ?

ಹೊರಡುವುದಕ್ಕೆ ಕಾಲ ಹಿಡಿಯಿತು. ಎಳೆಯ ವಯಸ್ಸಿನಲ್ಲಿ ತಾನೇ ತೋಳಗಳನ್ನು ಗುಂಡಿಕ್ಕಿದ್ದ ಅರಣ್ಯಶಾಸ್ತ್ರಜ್ಞ ಆಲ್ಡೊ ಲಿಯೊಪೋಲ್ಡ್ 1940ರ ದಶಕದಲ್ಲೇ ಯೆಲ್ಲೋಸ್ಟೋನಿಗೆ ತೋಳಗಳನ್ನು ಮರಳಿ ತರಬೇಕೆಂದು ಬರೆದ. ಕೇಳುವವರಿರಲಿಲ್ಲ. 1973ರಲ್ಲಿ ಅಳಿವಿನಂಚಿನ ಜೀವಿಗಳ ಕಾಯಿದೆ ಬಂದ ಮೇಲೆ ಆ ಮಾತಿಗೆ ಬಲ ಸಿಕ್ಕಿತು. ಆಮೇಲೂ ಇಪ್ಪತ್ತು ವರ್ಷ ಸಭೆ, ವರದಿ, ಅಹವಾಲು, ಕೋರ್ಟು. ದನ ಕುರಿ ಸಾಕುವವರು ವಿರೋಧಿಸಿದರು, ಅವರ ಭಯ ಸುಳ್ಳೂ ಆಗಿರಲಿಲ್ಲ.

1995ರ ಜನವರಿ 12. ಕೆನಡಾದ ಆಲ್ಬರ್ಟಾದಲ್ಲಿ ಹಿಡಿದ ತೋಳಗಳನ್ನು ಹೊತ್ತ ಗಾಡಿ ಗಾರ್ಡಿನರ್‌ನ ಕಲ್ಲಿನ ಕಮಾನಿನಡಿ ಹಾದು ಬಂತು. ಶಾಲೆಯ ಮಕ್ಕಳು ರಸ್ತೆ ಬದಿಯಲ್ಲಿ ಸಾಲುಗಟ್ಟಿ ನಿಂತಿದ್ದರು. ಆಗಿನ ಒಳಾಡಳಿತ ಸಚಿವ ಬ್ರೂಸ್ ಬ್ಯಾಬಿಟ್, ವನ್ಯಜೀವಿ ಇಲಾಖೆಯ ಮುಖ್ಯಸ್ಥೆ ಮಾಲಿ ಬೀಟಿ ತಾವೇ ಕೈಹಚ್ಚಿ ಪೆಟ್ಟಿಗೆಯನ್ನು ಹಿಮದಲ್ಲಿ ಹೊತ್ತರು. ಆದರೆ ಹೊತ್ತು ತಂದ ಪೆಟ್ಟಿಗೆಯ ಬಾಗಿಲು ತೆರೆಯುವಂತಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಕೋರ್ಟು ತಡೆ ಕೊಟ್ಟಿತ್ತು. ಅಂದು ರಾತ್ರಿ ತಡೆ ತೆರವಾಗುವಷ್ಟರಲ್ಲಿ ತೋಳಗಳು ತಿರುಗಿಕೊಳ್ಳಲೂ ಜಾಗವಿಲ್ಲದ ಆ ಪೆಟ್ಟಿಗೆಗಳಲ್ಲಿ ಮೂವತ್ತು ಗಂಟೆಗೂ ಹೆಚ್ಚು ಕಳೆದಿದ್ದವು. ಆ ಚಳಿಗಾಲ 14, ಮರುವರ್ಷ ಬ್ರಿಟಿಷ್ ಕೊಲಂಬಿಯಾದಿಂದ 17. ಒಟ್ಟು 31. ಮಾಲಿ ಬೀಟಿ 1996ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಉದ್ಯಾನದ ಒಳನಾಡಿನ ಪೆಲಿಕನ್ ಕಣಿವೆಯಲ್ಲಿ ಬೈಸನ್‌ಗಳನ್ನೇ ಕೆಡಹುವ ಬಲಿಷ್ಠ ಹಿಂಡಿಗೆ ಈಗ ಮಾಲಿಯ ಹೆಸರು.

ಹೊಸ ಊರಿನಿಂದ ತೋಳಗಳು ಹಳೆಯ ಊರಿನತ್ತ ಓಡಿಬಿಡುತ್ತವೆಂಬ ಅಂಜಿಕೆಯಿಂದ ಅವನ್ನು ಹತ್ತು ವಾರ ತಂತಿಬಲೆಯ ದೊಡ್ಡಿಗಳಲ್ಲಿ ಇಟ್ಟಿದ್ದರು. ಅಂಥ ಮೂರು ದೊಡ್ಡಿಗಳಲ್ಲಿ ರೋಸ್ ಕ್ರೀಕ್‌ನದು ಹಳೆಯ ಬಫೆಲೊ ರ‍್ಯಾಂಚಿನ ಹಿಂದಿನ ಕಾಡಿನಲ್ಲಿದೆ. ಹಿಮದಲ್ಲಿ ಹೂಳದಂತೆ ಬೂಟಿಗೆ ಅಗಲ ಹಲಗೆ ಕಟ್ಟಿಕೊಂಡು ಹತ್ತಿದೆವು. ತಂತಿಬಲೆ ಇನ್ನೂ ನಿಂತಿದೆ. ಅಲ್ಲಲ್ಲಿ ಮರ ಬಿದ್ದು ಬಾಗಿದೆ, ತುಕ್ಕು ಹತ್ತಿದೆ. ಒಳಗಿನಿಂದ ಹತ್ತಿ ಹಾರದಂತೆ ಮೇಲಂಚನ್ನು ಒಳಕ್ಕೆ ಬಗ್ಗಿಸಿದ್ದಾರೆ. ತೋಡಿ ನುಸುಳದಂತೆ ನೆಲದ ಮೇಲೂ ಒಂದು ಪಟ್ಟಿ ಬಲೆ ಹಾಸಿದ್ದಾರಂತೆ, ಅದು ಹಿಮದಡಿ ಇತ್ತು. ಒಂದು ಎಕರೆಯಷ್ಟು ಜಾಗ. ರಸ್ತೆಯಲ್ಲಿ ವಾಹನ ಬಡಿದು ಸತ್ತ ಎಲ್ಕ್, ಜಿಂಕೆಗಳನ್ನು ಹೇಸರಗತ್ತೆ ಎಳೆಯುವ ಜಾರುಬಂಡಿಯಲ್ಲಿ ಇಲ್ಲಿಗೆ ತಂದು ಹಾಕುತ್ತಿದ್ದರು. ಆ ಹೊತ್ತಿನಲ್ಲೆಲ್ಲ ತೋಳಗಳು ಬೇಲಿಯ ಅಂಚಿನಲ್ಲೇ ಸುತ್ತುತ್ತಿದ್ದವು; ಸುತ್ತಿ ಸುತ್ತಿ ನೆಲದಲ್ಲಿ ದಾರಿಯೇ ಬಿದ್ದಿತ್ತು.

ಮಾರ್ಚ್ 21ರಂದು ಕ್ರಿಸ್ಟಲ್ ಕ್ರೀಕ್ ದೊಡ್ಡಿಯ ಬಾಗಿಲು ಮೊದಲು ತೆರೆಯಿತು. ಪತ್ರಿಕೆಯವರು ದೂರದಲ್ಲಿ ಕಾದರು. ತೋಳ ಹೊರಗೆ ಬರಲೇ ಇಲ್ಲ. ಆ ಬಾಗಿಲು ಮನುಷ್ಯ ಬರುವ ಬಾಗಿಲಲ್ಲವೇ! ತೆರೆದಿಟ್ಟ ಸ್ವಾತಂತ್ರ್ಯಕ್ಕೂ ಮನುಷ್ಯನ ವಾಸನೆ ಹತ್ತಿತ್ತು. ಇದು ಹೊಳೆದ ಮೇಲೆ ಸಿಬ್ಬಂದಿ ಬೇಲಿಯ ಬೇರೆ ಕಡೆ, ತೋಳಗಳು ಹೆಚ್ಚು ಹೊತ್ತು ಕಳೆಯುವ ಜಾಗದ ಹತ್ತಿರ ಬಲೆ ಕತ್ತರಿಸಿ ಕಂಡಿ ಮಾಡಿದರು. ಆಗ ಹೊರಬಂದವು.

ಈ ರೋಸ್ ಕ್ರೀಕ್ ದೊಡ್ಡಿಯಲ್ಲಿ ಇದ್ದದ್ದು 9 ಎಂಬ ಹೆಣ್ಣು, ಅದರ ಮಗಳು 7, ಮತ್ತು 10 ಎಂಬ ಗಂಡು. ಇಲ್ಲಿ ತೋಳಗಳಿಗೆ ಹೆಸರಿಡುವುದಿಲ್ಲ, ಸಂಖ್ಯೆ ಕೊಡುತ್ತಾರೆ. ಅಪರಿಚಿತವಾಗಿದ್ದ 9 ಮತ್ತು 10 ಇದೇ ಬೇಲಿಯೊಳಗೆ ಜೋಡಿಯಾದವು. ಬಿಡುಗಡೆಯಾದ ಮೇಲೆ ಜೊತೆಯಾಗಿ ಈಶಾನ್ಯಕ್ಕೆ ನಡೆದು ಉದ್ಯಾನದ ಗಡಿ ದಾಟಿ ರೆಡ್ ಲಾಡ್ಜ್ ಊರಿನ ಹತ್ತಿರ ಸೇರಿದವು. ಏಪ್ರಿಲ್‌ನಲ್ಲಿ ಅಲ್ಲಿ ಒಬ್ಬಾತ 10ನ್ನು ಗುಂಡಿಕ್ಕಿ ಕೊಂದ. ಅದೇ ಹೊತ್ತಿಗೆ ಹತ್ತಿರದಲ್ಲೇ, ಬಿಲ ತೋಡಲೂ ಪುರುಸೊತ್ತಿಲ್ಲದೆ ಒಂದು ಮರದ ಬುಡದಲ್ಲಿ, 9 ಎಂಟು ಮರಿ ಹಾಕಿತ್ತು. ಬೇಟೆ ತಂದುಕೊಡುವ ಗಂಡಿಲ್ಲದೆ ಒಂಟಿ ತಾಯಿ ಎಂಟು ಮರಿ ಸಾಕುವುದು ಕಷ್ಟ. ತಾಯಿ ಮರಿಗಳನ್ನೆಲ್ಲ ಹಿಡಿದು ಮತ್ತೆ ಇದೇ ದೊಡ್ಡಿಗೆ ತಂದರು. ನಾನು ಬಲೆಯ ತಂತಿಯನ್ನು ಹಿಡಿದು ನಿಂತ ಜಾಗದಲ್ಲಿ ಆ ಎಂಟು ಮರಿಗಳು ಬೇಸಿಗೆಯಿಡೀ ಆಡಿದ್ದವು.

ಮುಂದಿನದನ್ನು ಯಾವ ಕಥೆಗಾರನೂ ಕಟ್ಟಲಾರ. ಕ್ರಿಸ್ಟಲ್ ಕ್ರೀಕ್ ದೊಡ್ಡಿಯ ನಾಲ್ಕು ಅಣ್ಣತಮ್ಮಂದಿರಲ್ಲಿ 8 ಎಂಬುದು ಎಲ್ಲಕ್ಕಿಂತ ಕುಳ್ಳ. ಇನ್ನೂ ಪೂರ್ತಿ ಬಲಿಯದ ಪೋರ. ಶರತ್ಕಾಲದಲ್ಲಿ ಅದು ರೋಸ್ ಕ್ರೀಕಿನ ಮರಿಗಳನ್ನು ಕಂಡಿತು, ಅವುಗಳೊಡನೆ ಆಡಿತು, ತಾಯಿಗೆ ಒಪ್ಪಿಗೆಯಾಯಿತು. ತನ್ನದಲ್ಲದ ಎಂಟು ಮರಿಗಳಿಗೆ ತಂದೆಯಾಯಿತು. ಅವುಗಳಲ್ಲೊಂದು ಕರಿಯ ಮರಿಗೆ 21 ಎಂದು ಸಂಖ್ಯೆ ಬಿತ್ತು. ಬೆಳೆದು ಲಾಮಾರ್ ಕಣಿವೆಯ ಡ್ರೂಯಿಡ್ ಹಿಂಡಿಗೆ ಯಜಮಾನನಾದದ್ದು ಅದೇ. ಅದು ಯಾವ ಕಾಳಗದಲ್ಲೂ ಸೋತದ್ದಿಲ್ಲ, ಸೋತು ಬಿದ್ದ ಎದುರಾಳಿಯನ್ನು ಕೊಂದದ್ದೂ ಇಲ್ಲ ಎನ್ನುತ್ತಾರೆ ಅದನ್ನು ವರ್ಷಗಟ್ಟಲೆ ನೋಡಿದ ರಿಕ್ ಮೆಕಿಂಟೈರ್. ಮರಿಗಳ ಜೊತೆ ಕುಸ್ತಿಗೆ ಬಿದ್ದರೆ ಬೇಕೆಂದೇ ಸೋತು ಅಂಗಾತ ಮಲಗುತ್ತಿತ್ತಂತೆ. ಮೆಕಿಂಟೈರ್ 15 ವರ್ಷ ಒಂದು ದಿನವೂ ತಪ್ಪದೆ ಬೆಳಗಿನ ಜಾವ ಎದ್ದು ಈ ರಸ್ತೆಗೆ ಬಂದವರು. 8, 21, 302 ಎಂಬ ತೋಳಗಳ ಮೇಲೆ ಒಂದೊಂದು ಪುಸ್ತಕವನ್ನೇ ಬರೆದಿದ್ದಾರೆ. 1990ರ ದಶಕದಿಂದ 2022ರಲ್ಲಿ ನಿವೃತ್ತರಾಗುವವರೆಗೆ ಇಲ್ಲಿನ ತೋಳ ಯೋಜನೆಯಲ್ಲೇ ಬದುಕು ಸವೆಸಿದ ವಿಜ್ಞಾನಿ ಡಗ್ ಸ್ಮಿತ್ ಕೂಡ ಅಂಥವರೇ. ಇಂಥವರಿಂದಾಗಿ, ಕಾಡಿನ ಪ್ರಾಣಿಗಳಿಗೆ ವಂಶಾವಳಿ ಇರುವ ಅಪರೂಪದ ಜಾಗ ಇದಾಗಿದೆ. ನನಗೆ ಸ್ಕೋಪು ಬಿಟ್ಟುಕೊಟ್ಟ ಅಜ್ಜಿಯ ಕಿಸೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ವಂಶವೃಕ್ಷವಿತ್ತು. ತಾಯಿ, ಮಗಳು, ಮೊಮ್ಮಗಳು ಎಂದು ಅವರು ಬೆರಳಿಟ್ಟು ತೋರಿಸಿದರು.

2001ರಲ್ಲಿ ಆ ಡ್ರೂಯಿಡ್ ಹಿಂಡಿನಲ್ಲಿ 37 ತೋಳಗಳಿದ್ದವು. ಅಷ್ಟು ದೊಡ್ಡ ಹಿಂಡು ದಾಖಲೆಯಲ್ಲಿ ಕಾಣಸಿಗುವುದು ತೀರ ವಿರಳ. 2010ರ ಹೊತ್ತಿಗೆ ಅದು ಇಲ್ಲವಾಯಿತು. ಕಾರಣಗಳಲ್ಲೊಂದು ಕಜ್ಜಿ. ಅದರ ಮೂಲ ಕೇಳಿದಾಗ ಹೊಟ್ಟೆ ತೊಳಸಿತು: 1905ರಲ್ಲಿ ಮೊಂಟಾನಾದಲ್ಲಿ ತೋಳಗಳನ್ನು ನಾಶ ಮಾಡಲೆಂದೇ ಕಜ್ಜಿಯ ಹುಳುವನ್ನು ಅವುಗಳಿಗೆ ಹತ್ತಿಸಿ ಬಿಟ್ಟಿದ್ದರು. ತೋಳ ಮುಗಿದ ಮೇಲೂ ಹುಳು ಕಯೋಟಿ, ನರಿಗಳ ಮೈಯಲ್ಲಿ ಉಳಿಯಿತು. ತೊಂಬತ್ತು ವರ್ಷ ಕಳೆದು ತೋಳ ಮರಳಿದಾಗ ಅದು ಕಾದುಕೊಂಡಿತ್ತು. ಚಳಿಗಾಲದಲ್ಲಿ ಕೂದಲುದುರಿದ ತೋಳ ಬದುಕುವುದು ಕಷ್ಟ.

ಮನುಷ್ಯ ಕೊಟ್ಟದ್ದರಲ್ಲಿ ಇನ್ನೊಂದೂ ಇದೆ, ಅದು ಕೇಡಲ್ಲ. ನಾನು ಕಂಡ ಆ ಕರಿಯ ಬಣ್ಣ. ಯೆಲ್ಲೋಸ್ಟೋನಿನ ತೋಳಗಳಲ್ಲಿ ಹೆಚ್ಚೂಕಡಿಮೆ ಅರ್ಧ ಕರಿಯವು. ಸಾವಿರಾರು ವರ್ಷಗಳ ಹಿಂದೆ ಅಮೆರಿಕಾ ಖಂಡಕ್ಕೆ ಬಂದ ಮೂಲನಿವಾಸಿಗಳ ಜೊತೆ ನಾಯಿಗಳೂ ಬಂದಿದ್ದವು; ಅವು ತೋಳಗಳೊಡನೆ ಕೂಡಿದಾಗ ಕರಿಬಣ್ಣದ ವಂಶವಾಹಿ ಕಾಡಿಗೆ ದಾಟಿತು ಎಂದು 2009ರಲ್ಲಿ ವಿಜ್ಞಾನಿಗಳು ತೋರಿಸಿದರು. ಡಿಸ್ಟೆಂಪರ್ ಎಂಬ ನಾಯಿರೋಗ ಬಂದಾಗ ಕರಿಯ ತೋಳಗಳು ಬದುಕುಳಿಯುವುದು ಹೆಚ್ಚು, ರೋಗ ಮತ್ತೆ ಮತ್ತೆ ಬರುವ ಸೀಮೆಯಲ್ಲಿ ತೋಳಗಳು ತಮಗಿಂತ ಬೇರೆ ಬಣ್ಣದ ಜೋಡಿಯನ್ನೇ ಆರಿಸಿಕೊಳ್ಳುವುದು ಹೆಚ್ಚು ಎಂದು 2022ರ ಅಧ್ಯಯನ ಹೇಳಿತು. ಬೂದು ಹೆಣ್ಣಿನ ಹಿಂದೆ ಕರಿಯ ಗಂಡು ನಡೆದದ್ದರಲ್ಲಿ, ಯಾವುದೋ ಪ್ರಾಚೀನ ಬೇಟೆಗಾರನ ಬೆಂಕಿಯ ಪಕ್ಕ ಮಲಗಿದ್ದ ನಾಯಿಯ ರಕ್ತವೂ ಇತ್ತು. ಇದನ್ನು ನೆನೆದಾಗ ಈಗಲೂ ಮೈ ಜುಂ ಎನ್ನುತ್ತದೆ.

ತೋಳ ಬಂದದ್ದರಿಂದ ಎಲ್ಕ್ ಕಡಿಮೆಯಾಯಿತು, ಎಲ್ಕ್ ಕಡಿಮೆಯಾದ್ದರಿಂದ ವಿಲೋ, ಆಸ್ಪೆನ್ ಗಿಡಗಳು ಚಿಗುರಿದವು, ಗಿಡ ಚಿಗುರಿದ್ದರಿಂದ ತೊರೆಗೆ ಅಣೆ ಕಟ್ಟುವ ಬೀವರ್ ಎಂಬ ಪ್ರಾಣಿ ಬಂತು, ನದಿಯ ದಿಕ್ಕೇ ಬದಲಾಯಿತು ಎಂಬ ಮಾತನ್ನು ನೀವೂ ಕೇಳಿರಬಹುದು. ಜಗತ್ತಿನಲ್ಲೆಲ್ಲ ಹರಿದಾಡಿದ ವಿಡಿಯೊ ಅದು. ಅದರಲ್ಲಿ ನಿಜವಿದೆ. 1994ರ ಸುಮಾರಿಗೆ ಈ ಉತ್ತರ ಭಾಗದಲ್ಲಿ 19,000ದಷ್ಟಿದ್ದ ಎಲ್ಕ್ 2013ರ ಹೊತ್ತಿಗೆ 4,000ಕ್ಕಿಂತ ಕೆಳಗಿಳಿದವು. ತೋಳದ ಜೊತೆಗೆ ಹೆಚ್ಚಿದ ಗ್ರಿಜ್ಲಿ ಕರಡಿ, ಪೂಮಾ, ಗಡಿಯಾಚೆಯ ಬೇಟೆ, ಬರ ಎಲ್ಲ ಸೇರಿ. ಕೆಲವು ಹೊಳೆಗಳ ದಂಡೆಯಲ್ಲಿ ವಿಲೋ ಆಳೆತ್ತರ ದಾಟಿ ಬೆಳೆದಿದೆ. ಕಯೋಟಿಗಳು ಮೊದಲ ವರ್ಷಗಳಲ್ಲಿ ಲಾಮಾರಿನಲ್ಲಿ ಅರ್ಧಕ್ಕಿಳಿದವು. ಆದರೆ ಅಳಿಯ ಕಾರು ನಿಲ್ಲಿಸಿ ತೋರಿಸಿದ ಒಂದು ತೊರೆಯ ಪಕ್ಕದಲ್ಲಿ ವಿಲೋ ಮೊಣಕಾಲೆತ್ತರದಲ್ಲೇ ನಿಂತಿತ್ತು.

"ಇಲ್ಲಿ ತೋಳ ಐತಿ, ಎಲ್ಕ್ ಕಡಿಮಿ ಆಗ್ಯಾವು. ಆದ್ರ ಗಿಡ ಯಾಕ ಬೆಳದಿಲ್ಲ ಹೇಳ್ರಿ ಮಾಮಾ?" ಎಂದು ಕೇಳಿ ತಾನೇ ಉತ್ತರವನ್ನೂ ಹೇಳಿದ. "ನೀರು ಕೆಳಗ ಹೋಗೇತಿ. ಬೇರಿಗಿ ಸಿಗಂಗಿಲ್ಲ."

ತೋಳವಿಲ್ಲದ ಎಪ್ಪತ್ತು ವರ್ಷದಲ್ಲಿ ಎಲ್ಕ್‌ಗಳು ವಿಲೋ ಚಿಗುರನ್ನು ಬುಡದವರೆಗೆ ಮೇಯ್ದವು. ವಿಲೋ ಇಲ್ಲದೆ ಬೀವರ್ ತೊರೆ ಬಿಟ್ಟಿತು. ಬೀವರ್ ಕಟ್ಟುತ್ತಿದ್ದ ಕಟ್ಟಿಗೆ-ಕೆಸರಿನ ಅಣೆಕಟ್ಟು ನಮ್ಮ ಎರೆಹೊಲದ ಒಡ್ಡಿನ ಕೆಲಸ ಮಾಡುತ್ತಿತ್ತು, ನೀರನ್ನು ತಡೆದು ನೆಲಕ್ಕಿಳಿಸುತ್ತಿತ್ತು. ಒಡ್ಡು ಒಡೆದ ಮೇಲೆ ತೊರೆ ತನ್ನ ತಳವನ್ನೇ ಕೊರೆದುಕೊಂಡು ಆಳಕ್ಕಿಳಿಯಿತು, ಅಕ್ಕಪಕ್ಕದ ನೆಲದ ನೀರೂ ಅದರೊಡನೆ ಇಳಿಯಿತು. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 20 ವರ್ಷ ಇಲ್ಲಿ ಕೆಲವು ತುಂಡು ನೆಲಕ್ಕೆ ಬೇಲಿ ಹಾಕಿ, ಕೆಲವಕ್ಕೆ ತಾವೇ ಅಣೆ ಕಟ್ಟಿ ಅಳೆದು ನೋಡಿದರು. ಮೇಯುವುದು ನಿಂತು, ಜೊತೆಗೆ ನೀರೂ ಮೇಲೆ ಬಂದ ಕಡೆ ಮಾತ್ರ ವಿಲೋ ಚೆನ್ನಾಗಿ ಎತ್ತರಕ್ಕೆ ಬೆಳೆಯಿತು. ಈ ನಡುವೆ ಬೈಸನ್‌ಗಳೂ ಹೆಚ್ಚಿ ಅದೇ ಚಿಗುರಿಗೆ ಬಾಯಿ ಹಾಕುತ್ತಿವೆ.

ಈ ಅರ್ಧ ಗೆಲುವಿನ ಕಥೆಯೇ ನನಗೆ ವಿಡಿಯೊದ ಪವಾಡಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಂದು ಪ್ರಾಣಿಯನ್ನು ಹನ್ನೆರಡು ವರ್ಷದಲ್ಲಿ ಮುಗಿಸಬಹುದು, ಪೆಟ್ಟಿಗೆಯಲ್ಲಿ ಮರಳಿ ತರಲೂಬಹುದು. ಅದು ಇಲ್ಲದಾಗ ಇಳಿದುಹೋದ ನೀರನ್ನು ಯಾವ ಪೆಟ್ಟಿಗೆಯಲ್ಲಿ ತರುವುದು? ತೋಳದ ಮೇಲೆ ನದಿ ತಿರುಗಿಸುವ ಹೊರೆಯನ್ನೂ ಹೊರಿಸಬೇಕಾಗಿಲ್ಲ. ಎಲ್ಕ್‌ನ ಎದುರು ನಿಂತು ಪ್ರಶ್ನೆ ಕೇಳಲು ಅದು ಬಂದಿತಲ್ಲ, ಅಷ್ಟೇ ನನಗೆ ಸಾಕು.

ಈಗ ಉದ್ಯಾನದಲ್ಲಿ ಹೆಚ್ಚೂಕಡಿಮೆ ನೂರು ತೋಳಗಳಿವೆ. ಆ ಸಂಖ್ಯೆ ವರ್ಷ ವರ್ಷ ಏರಿಳಿಯುತ್ತದೆ. ತೋಳವನ್ನು ಇಲ್ಲಿ ಹೆಚ್ಚಾಗಿ ಕೊಲ್ಲುವುದು ಬೇರೆ ಹಿಂಡಿನ ತೋಳವೇ. ಗಡಿ ದಾಟಿದರೆ ಮಾತು ಬೇರೆ. ಉದ್ಯಾನದ ಗೆರೆ ನೆಲದ ಮೇಲೆಲ್ಲೂ ಕಾಣಿಸುವುದಿಲ್ಲ, ಎಲ್ಕ್‌ನ ಹಿಂದೆ ಹೋಗುವ ತೋಳಕ್ಕೆ ಅದು ತಿಳಿಯುವುದೂ ಇಲ್ಲ. 21ರ ಮೊಮ್ಮಗಳು, ಸಾವಿರಾರು ಜನ ಈ ರಸ್ತೆಯಲ್ಲೇ ನಿಂತು ನೋಡಿ ಮೆಚ್ಚಿದ್ದ ‘06’ ಎಂಬ ಹೆಣ್ಣು, 2012ರ ಡಿಸೆಂಬರಿನಲ್ಲಿ ಗಡಿಯಾಚೆಯ ವಯೋಮಿಂಗ್‌ನಲ್ಲಿ ಪರವಾನಗಿ ಪಡೆದ ಬೇಟೆಗಾರನ ಗುಂಡಿಗೆ ಸತ್ತಿತು. ಸುತ್ತಲಿನ ರಾಜ್ಯಗಳು ನಿಯಮ ಸಡಿಲಿಸಿದ 2021-22ರ ಒಂದೇ ಚಳಿಗಾಲದಲ್ಲಿ ಯೆಲ್ಲೋಸ್ಟೋನಿನ 25 ತೋಳಗಳು ಹೀಗೆ ಹೋದವು. ಅವು ಮರಳಿ ಬಂದಂದಿನಿಂದ ಯಾವ ವರ್ಷವೂ ಅಷ್ಟು ಹೋಗಿರಲಿಲ್ಲ. ತೋಳ ನೋಡಬರುವವರಿಂದ ಸುತ್ತಲಿನ ಮೂರು ರಾಜ್ಯಗಳಿಗೆ ವರ್ಷಕ್ಕೆ 3.5 ಕೋಟಿ ಡಾಲರ್ ಬರುತ್ತದೆಂದು 2005ರ ಸುಮಾರಿನ ಅಧ್ಯಯನ ಲೆಕ್ಕ ಹಾಕಿತ್ತು. ಆದರೆ ಆ ಹಣ ಹೋಟೆಲಿನವನ ಕೈ ಸೇರುತ್ತದೆ, ಕರು ಕಳೆದುಕೊಂಡವನ ಕೈಯನ್ನಲ್ಲ. ಡಿಫೆಂಡರ್ಸ್ ಆಫ್ ವೈಲ್ಡ್‌ಲೈಫ್ ಎಂಬ ಸಂಸ್ಥೆ 1987ರಿಂದಲೇ, ತೋಳಗಳು ಬರುವ ಮುನ್ನವೇ, ದನಗಾಹಿಗಳಿಗೆ ಪರಿಹಾರ ಕೊಡಲು ಶುರುಮಾಡಿತ್ತು. 31 ತೋಳಗಳು ಕಾಲೂರಲು ಅದೂ ಒಂದು ಕಾರಣವೆಂದು ನನ್ನ ನಂಬಿಕೆ.

ಗಾರ್ಡಿನರ್‌ನಲ್ಲಿ ಊಟಕ್ಕೆ ಕೂತಾಗ ಮಾತು ತಾನಾಗಿಯೇ ನಮ್ಮ ಕೊಪ್ಪಳದ ಕಡೆ ಹೊರಳಿತು. ನಮ್ಮಜ್ಜ ಕುರಿ ಕಾಯ್ದವರು. ಹಟ್ಟಿಯ ಮುಳ್ಳುಬೇಲಿ ಹಾರಿ ತೋಳ ಮರಿ ಹೊತ್ತ ರಾತ್ರಿ ಅವರು ಕೂಗುತ್ತ, ಕಲ್ಲು ಬೀರುತ್ತ ಹೊಲ ದಾಟಿ ಓಡುತ್ತಿದ್ದರು. ಬೆಳಗಾದರೆ ಮತ್ತೆ ಅದೇ ಗುಡ್ಡಕ್ಕೆ ಹಿಂಡು ಹೊಡೆಯುತ್ತಿದ್ದರು. ವಿಷ ಇಡುವ ಮಾತನ್ನು ಅವರ ಬಾಯಲ್ಲಿ ನಾನು ಕೇಳಲಿಲ್ಲ. ಭಾರತದಲ್ಲಿ ಉಳಿದಿರುವ ಎರಡು ಮೂರು ಸಾವಿರ ತೋಳಗಳಲ್ಲಿ ಬಹುಪಾಲು ಹೀಗೆ, ಕುರಿ ಹಿಂಡಿನ ಬದಿಯಲ್ಲಿ, ಕುರುಚಲು ಹುಲ್ಲುಗಾವಲಿನಲ್ಲಿ, ಯಾವ ಉದ್ಯಾನದ ಗೆರೆಯೂ ಇಲ್ಲದೆ ಬದುಕುತ್ತಿವೆ. ನಮ್ಮವು ಹೋಗಿಲ್ಲ, ಅವುಗಳ ಹುಲ್ಲುಗಾವಲು ಹೋಗುತ್ತಿದೆ.

"ಗಂಗಾವತಿ ಹತ್ತರ ಬಂಕಾಪುರದಾಗ ತೋಳಕ್ಕಂತನ ಧಾಮ ಮಾಡ್ಯಾರಂತಲ್ರಿ. ಎಷ್ಟು ಜಾಗ ಐತಿ?"

"822 ಎಕರೆ."

ಅವನು ಲೆಕ್ಕ ಹಾಕಿದ. ಯೆಲ್ಲೋಸ್ಟೋನ್ 22 ಲಕ್ಷ ಎಕರೆ. ನಾನು ಕಂಡ ಆ ಏಳು ತೋಳಗಳು ಒಂದು ರಾತ್ರಿಯ ನಡಿಗೆಯಲ್ಲಿ ಬಂಕಾಪುರವನ್ನು ಹತ್ತು ಸಲ ದಾಟಬಲ್ಲವು. ಅಲ್ಲಿನ ತೋಳವೂ ಧಾಮದೊಳಗೇ ಕೂತಿರುವುದಿಲ್ಲ. ಬಿಲ ಅಲ್ಲಿರುತ್ತದೆ, ಊಟ ಸುತ್ತಲಿನ ಹೊಲ, ಗುಡ್ಡ, ಹಟ್ಟಿಗಳಲ್ಲಿ. ಅದು ಬದುಕುವುದು ಬಿಡುವುದು ಕುರಿಗಾಹಿಯ ಕೈಯಲ್ಲಿದೆ. ಮರಿ ಕಳೆದುಕೊಂಡವನು ಪರಿಹಾರಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯದೆ, ಮುಂದಿನ ಸಂತೆಯ ಹೊತ್ತಿಗೆ ದುಡ್ಡು ಅವನ ಕೈಯಲ್ಲಿರಬೇಕು. ಮೊಂಟಾನಾದಲ್ಲಿ ಆದದ್ದು ಕೊಪ್ಪಳದಲ್ಲಿ ಯಾಕಾಗಬಾರದೆಂದು ಆ ಮೇಜಿನಲ್ಲಿ ಕೂತು ನಾವಿಬ್ಬರೂ ತುಂಬ ಹೊತ್ತು ವಾದಿಸಿದೆವು.

"ನೀ ನೀರಿನ ಬಗ್ಗೆ ಓದಿದಾಂವ, ಬಂದು ಆ ಹುಲ್ಲುಗಾವಲು ನೋಡು," ಅಂದೆ. "ಡಿಸೆಂಬರದಾಗ ಬಾ. ನಮ್ಮ ತೋಳ ಮರಿ ಹಾಕೂ ಕಾಲ ಅದು."

ಅವನು ಅಲ್ಲೇ ಫೋನ್ ತೆಗೆದು ಡಿಸೆಂಬರಿಗೆ ಹುಬ್ಬಳ್ಳಿಯವರೆಗಿನ ಟಿಕೆಟ್ ದರ ನೋಡತೊಡಗಿದ.